ಸಣ್ಣ ಸೆಲ್ಲಿಗೆ ತಕ್ಕ ನೀರುಗಂಟಿ

ರಾತ್ರಿಯ ಹೊತ್ತು ಅಡಕೆತೋಟಕ್ಕೆ ಹೋಗಿಬರಲೆಂದು ಅಂಗಿಯ ಜೇಬಿನಲ್ಲಿ ಹಿಡಿಸುವಂಥ ಪುಟ್ಟ ಟಾರ್ಚೊಂದನ್ನು ಕೊಂಡಿರುವ ಮಲೆನಾಡಿನ ಓದುಗರೊಬ್ಬರು, ಅದರೊಳಗಿನ ಸೆಲ್ಲಿನ ಮೇಲೆ 10440 ಎಂಬ ಅಂಕೆಯನ್ನೂ 3.7 ವೋಲ್ಟ್ ಎಂಬ ಬರೆಹವನ್ನೂ ಕಂಡು, ಅದಕ್ಕೊಪ್ಪುವ ಚಾರ್ಜರಿನ ಬೆಲೆಯನ್ನು ವಿಚಾರಿಸಲಾಗಿ ಅದು ಟಾರ್ಚಿನ ಬೆಲೆಯನ್ನೇ ಮೀರಿತೆಂದು ಬರೆದಿದ್ದಾರೆ. ಇದಕ್ಕಿಂತ ಅಗ್ಗದ ಸಾಧನವಿಲ್ಲವೆ, ಇದ್ದರೆ ಅದನ್ನು ನಂಬಬಹುದೆ ಎಂಬುದು ಅವರ ಜಿಜ್ಞಾಸೆ. ಇದೆ, ನಂಬಲೂಬಹುದು. ಆದರೆ ಯಾವುದನ್ನು ನಂಬಬೇಕೆಂಬುದು ಬೆಲೆಯ ಚೀಟಿಯನ್ನು ನೋಡಿ ನಿರ್ಧರಿಸತಕ್ಕ ವಿಷಯವಲ್ಲ.

ಸೆಲ್ಲಿನ ಮೇಲಿನ ಅಂಕೆಯಲ್ಲಿ ನಿಗೂಢವಾದುದೇನೂ ಇಲ್ಲ. ಮೊದಲೆರಡು ಅಂಕಿ ವ್ಯಾಸವನ್ನೂ ಮುಂದಿನೆರಡು ಉದ್ದವನ್ನೂ ಮಿಲಿಮೀಟರಿನಲ್ಲಿ ಹೇಳುತ್ತವೆ; ಕೊನೆಯ ಸೊನ್ನೆ ಆಕಾರ ಉರುಳೆಯದೆಂದು ಸೂಚಿಸುತ್ತದೆ. 10440 ಟಿವಿ ರಿಮೋಟಿನ ಸೆಲ್ಲಿನ ಅಳತೆಯದು, 14500 ಗೋಡೆ ಗಡಿಯಾರದ ಸೆಲ್ಲಿನ ಅಳತೆಯದು. ಅಳತೆ ಒಂದೇ ಆದರೂ ಸತ್ತ್ವ ಬೇರೆ: ರಿಮೋಟಿನ ಸೆಲ್ಲು 1.5 ವೋಲ್ಟಿನದಾದರೆ ಇದು 3.7 ವೋಲ್ಟಿನದು, ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಿ ದೀಪವನ್ನೇ ಸುಟ್ಟುಕೊಂಡವರುಂಟು.

ಮರಳಿ ಮರಳಿ ತುಂಬಬಹುದಾದ ಕೋಶದ ಇತಿಹಾಸ ಟಾರ್ಚಿನ ಇತಿಹಾಸಕ್ಕಿಂತ ಹಿಂದಿನದು. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿಯೇ ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ ಅಂಥ ಕೋಶವನ್ನು ರಚಿಸಿದ್ದನು. ಇಂದು ನಮ್ಮ ಬಸ್ಸು ಲಾರಿಗಳ ಹೊಟ್ಟೆಯಲ್ಲಿರುವುದು ಅದರ ಸಂತತಿಯೇ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕಲ್-ಕ್ಯಾಡ್ಮಿಯಮ್ ಕೋಶವನ್ನು ನಿರ್ಮಿಸಿದನು. ಅದೇ ವರ್ಷದ ಜನವರಿಯಲ್ಲಿ ಅಮೆರಿಕೆಯಲ್ಲಿ ಡೇವಿಡ್ ಮಿಸೆಲ್ ಎಂಬವನು ಕೊಳವೆಯಾಕಾರದ ಕೈದೀಪಕ್ಕೆ ಪೇಟೆಂಟು ಪಡೆದನು. ಹೀಗೆ ಸಮವಯಸ್ಕರಾದ ಈ ಎರಡು ವಸ್ತುಗಳು ಒಂದನ್ನೊಂದು ಕೂಡಿಕೊಳ್ಳಲು ಅರ್ಧ ಶತಮಾನವೇ ಬೇಕಾಯಿತೆಂಬುದು ವಿಚಿತ್ರವಾದರೂ ಅಕಾರಣವಲ್ಲ. ಯುಂಗ್ನರನ ಕೋಶವು ತುಂಬುವಾಗ ಅನಿಲವನ್ನು ಹೊರಗೆಡಹುತ್ತಿದ್ದುದರಿಂದ ಅದನ್ನು ಬಿಗಿಯಾಗಿ ಮುಚ್ಚುವಂತಿರಲಿಲ್ಲ. ಒಂದು ಧ್ರುವದಲ್ಲಿ ಹುಟ್ಟಿದ ಆಮ್ಲಜನಕವನ್ನು ಇನ್ನೊಂದು ಧ್ರುವವೇ ಹೀರಿಕೊಳ್ಳುವಂತೆ ಮಾಡಿ, ಇಡೀ ಕೋಶವನ್ನು ಮೊಹರು ಮಾಡುವ ಉಪಾಯ ಫಲಿಸಿದ್ದು 1947ರಲ್ಲಿ.

ಈ ಉಪಾಯವೇ ಹಳೆಯ ಅಗ್ಗದ ಚಾರ್ಜರುಗಳ ಜೀವಾಳವಾಗಿತ್ತು. ಇದನ್ನು ವಿವರಿಸಲು ನಮ್ಮ ಬಯಲುಸೀಮೆಯ ಕೆರೆಯ ಕೆಳಗಿನ ವ್ಯವಸಾಯಕ್ಕಿಂತ ತಕ್ಕ ನಿದರ್ಶನ ನನಗೆ ತೋಚದು. ತೂಬನ್ನು ಎತ್ತಿ ಇಳಿಸುವ ಅಧಿಕಾರ ಅಲ್ಲಿ ನೀರುಗಂಟಿಯದು. ಯಾವ ಮಡಿಗೆ ಎಷ್ಟು ನೀರು, ಎಷ್ಟು ಹೊತ್ತು ಎಂಬುದು ಅವನ ಬಲ್ಮೆ. ಬದುವಿನಲ್ಲಿ ಗಂಡಿ ಬಿಟ್ಟಿರುವ ಗದ್ದೆಯಾದರೆ, ಅವನು ತೂಬು ತೆರೆದು ಮರದಡಿ ನಿದ್ದೆ ಹೋದರೂ ಹೆಚ್ಚಿನ ನೀರು ಗಂಡಿಯಿಂದ ಹರಿದುಹೋಗುವುದೇ ಹೊರತು ಬದು ಒಡೆಯುವುದಿಲ್ಲ. ನಿಕಲ್ ಕೋಶವು ಅಂಥ ಗದ್ದೆ. ತುಂಬಿದ ಮೇಲೂ ಪ್ರವಾಹ ಸಣ್ಣಗೆ ಹರಿಯುತ್ತಲೇ ಇದ್ದರೆ, ಹೆಚ್ಚಾದ ಶಕ್ತಿ ಆಮ್ಲಜನಕದ ಮಾರ್ಗವಾಗಿ ಶಾಖವಾಗಿ ಹೊರಬೀಳುತ್ತದೆ. ಸೆಲ್ಲು ಬೆಚ್ಚಗಾಗುತ್ತದೆ, ಅಷ್ಟೆ. ಆದಕಾರಣವೇ ಒಂದು ಟ್ರಾನ್ಸ್‌ಫಾರ್ಮರು, ಒಂದು ಡಯೋಡು, ಒಂದು ರೋಧಕ, ಇಷ್ಟನ್ನೇ ಪೆಟ್ಟಿಗೆಯಲ್ಲಿ ಕೂರಿಸಿ, ರಾತ್ರಿಯೆಲ್ಲ ಹಾಕಿಡಿರೆಂದು ಹೇಳಿ ಮಾರುವುದು ಸಾಧ್ಯವಾಗಿತ್ತು.

ನಮ್ಮ ಓದುಗರ 3.7 ವೋಲ್ಟಿನ ಸೆಲ್ಲು ಲಿಥಿಯಮ್ ಜಾತಿಯದು; ಅದರ ಬದುವಿನಲ್ಲಿ ಗಂಡಿಯಿಲ್ಲ. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ತೋರಿಸಿದ ದಾರಿಯಲ್ಲಿ ಮುಂದುವರಿದು, ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಇನಫ್ 1980ರಲ್ಲಿ ಕೋಬಾಲ್ಟ್ ಆಕ್ಸೈಡಿನ ಧನಧ್ರುವವನ್ನೂ, ಜಪಾನಿನ ಅಕಿರಾ ಯೋಶಿನೊ 1985ರಲ್ಲಿ ಇಂಗಾಲದ ಋಣಧ್ರುವವುಳ್ಳ ಕೋಶವನ್ನೂ ಸಿದ್ಧಪಡಿಸಿದರು. 1991ರಲ್ಲಿ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಬಹುಮಾನ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಈ ಕೋಶವನ್ನು 4.2 ವೋಲ್ಟಿನವರೆಗೆ ತುಂಬಿದಾಗ ಕೋಬಾಲ್ಟ್ ಆಕ್ಸೈಡಿನ ಪದರಗಳಿಂದ ಸುಮಾರು ಅರ್ಧದಷ್ಟು ಲಿಥಿಯಮ್ ಮಾತ್ರ ಹೊರಬಂದಿರುತ್ತದೆ. ಉಳಿದುದನ್ನೂ ಬಲಾತ್ಕಾರದಿಂದ ಸೆಳೆಯಹೋದರೆ ಪದರಗಳ ಕಟ್ಟಡವೇ ಸಡಿಲಗೊಂಡು ಆಮ್ಲಜನಕ ಬಿಡುಗಡೆಯಾಗುತ್ತದೆ. ಸುತ್ತಲೂ ಇರುವುದು ಉರಿಯಬಲ್ಲ ದ್ರಾವಣ. ಮುಂದಿನದನ್ನು ಹೇಳಬೇಕಾದದ್ದಿಲ್ಲ.

ಇಲ್ಲಿ ನೀರುಗಂಟಿ ಎಚ್ಚತ್ತೇ ಇರಬೇಕು. ಒಣಗಿ ಬಿರಿದ ನೆಲಕ್ಕೆ ಮೊದಲು ಎಳೆಯಾಗಿ ನೀರು ಬಿಟ್ಟು, ಅದು ನೆನೆದ ಮೇಲೆ ಒಂದೇ ಸಮನಾದ ಧಾರೆಯನ್ನು ಹರಿಸಿ, ಮಟ್ಟವು ಬದುವಿನ ಅಂಚಿಗೆ ಬರುತ್ತಲೇ ಧಾರೆಯನ್ನು ಕಿರಿದುಮಾಡುತ್ತ ಹೋಗಿ, ಕೊನೆಗೆ ತೂಬನ್ನು ಮುಚ್ಚಿ ಮನೆಗೆ ನಡೆಯುವ ಈ ಕ್ರಮವನ್ನೇ ಲಿಥಿಯಮ್ ಚಾರ್ಜರು ಅನುಸರಿಸುತ್ತದೆ. ತೀರ ಬರಿದಾದ ಸೆಲ್ಲಿಗೆ ಮೊದಲು ಎಳೆಯಾದ ಪ್ರವಾಹ, ಬಳಿಕ ಸ್ಥಿರಪ್ರವಾಹ, 4.2 ವೋಲ್ಟು ಮುಟ್ಟಿದ ಮೇಲೆ ಸ್ಥಿರವಿಭವ, ಪ್ರವಾಹವು ಹತ್ತನೆಯ ಒಂದಂಶಕ್ಕೆ ಕುಗ್ಗಿದೊಡನೆ ವಿರಾಮ.

ಇಷ್ಟು ಬಲ್ಮೆಯನ್ನು ಕಾಳಿನ ಅಳತೆಯ ಚಿಪ್ಪೊಂದರಲ್ಲಿ ಅಡಗಿಸುವುದು ಈಗ ಅತಿ ಸುಲಭವಾಗಿದೆಯೆಂಬುದೇ ನಮ್ಮ ಓದುಗರಿಗೆ ಶುಭವಾರ್ತೆ. ಟಿಪಿ4056 ಎಂಬ ಚೀನೀ ಚಿಪ್ಪನ್ನು ಕೂರಿಸಿದ ನೀಲಿ ಹಲಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಒಂದು ಹೊತ್ತಿನ ತಿಂಡಿಯ ಖರ್ಚಿಗಿಂತ ಕಡಿಮೆಗೆ ದೊರೆಯುತ್ತದೆ. ಮೊಬೈಲಿನ ಯುಎಸ್‌ಬಿ ತಂತಿಯನ್ನು ಅದಕ್ಕೆ ಸಿಕ್ಕಿಸಿದರಾಯಿತು. ತುಂಬುವಾಗ ಕೆಂಪು ದೀಪ, ತುಂಬಿದ ಮೇಲೆ ನೀಲಿ ಅಥವಾ ಹಸಿರು.

ಆದರೆ ಅದನ್ನು ತಂದಹಾಗೆಯೇ ಬಳಸಕೂಡದು. ಆ ಹಲಗೆಯನ್ನು ರೂಪಿಸಿರುವುದು ದೊಡ್ಡ ಸೆಲ್ಲುಗಳಿಗಾಗಿ. ಅದು ಹರಿಸುವುದು 1000 ಮಿಲಿಆಂಪಿಯರ್. ಲಿಥಿಯಮ್ ಕೋಶಕ್ಕೆ ಗಂಟೆಗೆ ಅದರ ಧಾರಣಶಕ್ತಿಯ ಅರ್ಧದಷ್ಟು ಪ್ರವಾಹ ಹಿತವಾದದ್ದು, ಪೂರ್ಣದಷ್ಟು ಸಾಮಾನ್ಯವಾದ ಮಿತಿ. 10440ರ ಧಾರಣಶಕ್ತಿಯೋ ಸುಮಾರು 350 ಮಿಲಿಆಂಪಿಯರ್-ಗಂಟೆ ಮಾತ್ರ. ಮಿತಿಯ ಮೂರರಷ್ಟು ರಭಸದಿಂದ ಪ್ರವಾಹ ನುಗ್ಗಿದರೆ, ಋಣಧ್ರುವದ ಗ್ರಾಫೈಟಿನ ಪದರಗಳೊಳಗೆ ಸೇರಲು ಸಮಯ ಸಾಲದ ಲಿಥಿಯಮ್ ಅದರ ಮೇಲ್ಮೈಯಲ್ಲಿಯೇ ಲೋಹವಾಗಿ ಕೂಡತೊಡಗುತ್ತದೆ. ಸೆಲ್ಲಿನ ಆಯುಸ್ಸು ಕ್ಷೀಣಿಸುತ್ತದೆ, ಕೆಲವೊಮ್ಮೆ ಒಳಗೇ ಶಾರ್ಟ್ ಆಗುತ್ತದೆ. ದುಬಾರಿಯಾದ ಚಾರ್ಜರುಗಳಲ್ಲಿಯೂ ಎಷ್ಟೋ ಈ ದೋಷದಿಂದ ಮುಕ್ತವಲ್ಲ: ಸಣ್ಣ ಸೆಲ್ಲು ಹಿಡಿಸುವಂತೆ ಸ್ಪ್ರಿಂಗನ್ನಷ್ಟೇ ಉದ್ದಮಾಡಿ, ಪ್ರವಾಹವನ್ನು ಕಡಿಮೆಮಾಡದೆ ಬಿಟ್ಟಿರುತ್ತಾರೆ.

ಪರಿಹಾರ ಆ ಹಲಗೆಯ ಮೇಲೆಯೇ ಇದೆ. ಚಿಪ್ಪಿನ ಪಕ್ಕದಲ್ಲಿ, ಎರಡು ಮಿಲಿಮೀಟರೂ ಇಲ್ಲದ ಕರಿಯ ತುಣುಕೊಂದರ ಮೇಲೆ 122 ಎಂದು ಅಚ್ಚಾಗಿರುತ್ತದೆ. ಅದು 1200 ಓಮಿನ ರೋಧಕ, ಪ್ರವಾಹವನ್ನು ನಿಯಮಿಸುವುದು ಅದೇ. ರೇಡಿಯೊ ರಿಪೇರಿ ಮಾಡುವ ಯಾರ ಕೈಯಲ್ಲಾದರೂ ಅದನ್ನು ಕೀಳಿಸಿ, 10,000 ಓಮಿನದನ್ನು ಬೆಸುಗೆ ಹಾಕಿಸಿದರೆ ಪ್ರವಾಹ 130 ಮಿಲಿಆಂಪಿಯರಿಗೆ ಇಳಿಯುತ್ತದೆ. 10440ಕ್ಕೆ ಇದು ಹೇಳಿ ಮಾಡಿಸಿದಂತಿದೆ. ಮೂರು ಗಂಟೆಗೆ ತುಸು ಹೆಚ್ಚು ಹಿಡಿದೀತು. 14500 ಆದರೆ 4000 ಓಮು, 300 ಮಿಲಿಆಂಪಿಯರ್. ಬೆಸುಗೆಯ ಗೋಜು ಬೇಡವೆನ್ನುವವರು ಒಂದೇ ಸೆಲ್ಲಿನ ಯುಎಸ್‌ಬಿ ಚಾರ್ಜರನ್ನು ಕೊಳ್ಳಬಹುದು. ಹೊರಪೆಟ್ಟಿಗೆಯ ವರ್ಣನೆಯನ್ನು ಬಿಟ್ಟು, ಬೆನ್ನಿನ ಮೇಲೆ ಕಿರಿದಾದ ಅಕ್ಷರದಲ್ಲಿರುವ ಮಿಲಿಆಂಪಿಯರಿನ ಅಂಕೆಯನ್ನು ಓದಬೇಕು, ಅಷ್ಟೆ. ಯಾವುದನ್ನೇ ಕೊಂಡರೂ, ಮೊದಲ ಸಲ ತುಂಬಿದ ಸೆಲ್ಲನ್ನು ಮಲ್ಟಿಮೀಟರಿನಿಂದ ಅಳೆದು ನೋಡತಕ್ಕದ್ದು: 4.2ರ ಆಸುಪಾಸಿನಲ್ಲಿದ್ದರೆ ಸರಿ, 4.25ನ್ನು ದಾಟಿದ್ದರೆ ಅಂಥ ಚಾರ್ಜರನ್ನು ಬಳಸದಿರುವುದೇ ಲೇಸು.

ಅಂಕೆಗಳ ಮಾತು ಬಂದುದರಿಂದ ಸೆಲ್ಲು ಮಾರುವವರ ಅತಿಶಯೋಕ್ತಿಯನ್ನೂ ಹೇಳಿಬಿಡುತ್ತೇನೆ. 14500ರ ಗಾತ್ರದಲ್ಲಿ ಒಳ್ಳೆಯ ತಯಾರಕರು ತುಂಬಬಲ್ಲದ್ದು 1000 ಮಿಲಿಆಂಪಿಯರ್-ಗಂಟೆಯ ಆಸುಪಾಸು. ಅದರ ಎರಡರಷ್ಟು, ಮೂರರಷ್ಟು ಅಚ್ಚುಹಾಕಿ ಮಾರುವ ಸೆಲ್ಲುಗಳಲ್ಲಿ ಅಚ್ಚಿನ ಶಾಯಿಯೊಂದೇ ಧಾರಾಳ.

ಕೊಳ್ಳುವ ಮುನ್ನ ಸೆಲ್ಲಿನ ಜಾತಿಯನ್ನೂ ನೋಡಿಕೊಳ್ಳಬೇಕು. ತೋಟದ ಸೌರದೀಪಗಳಲ್ಲಿ ಬರುವ 14500 ಸೆಲ್ಲುಗಳಲ್ಲಿ ಕೆಲವು 3.2 ವೋಲ್ಟಿನ ಕಬ್ಬಿಣದ ಫಾಸ್ಫೇಟಿನವು (ಗುಡ್‌ಇನಫ್ ಅವರೊಡನೆ ಪಾಢಿ ಮತ್ತು ನಂಜುಂಡಸ್ವಾಮಿ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹೊರಟ ವಂಶವಿದು), ಅವಕ್ಕೆ 3.6 ವೋಲ್ಟಿನ ಸುಮಾರಿಗೆ ನಿಲ್ಲುವ ಬೇರೆ ಚಾರ್ಜರೇ ಬೇಕು. 16340ರ ಅಳತೆಯಲ್ಲಿಯೇ, ಹಳೆಯ ಕ್ಯಾಮೆರಾಗಳಿಗೆ ಹಾಕುತ್ತಿದ್ದ 3 ವೋಲ್ಟಿನ ಲಿಥಿಯಮ್ ಸೆಲ್ಲೊಂದು ಬರುತ್ತದೆ. ಅದು ಒಮ್ಮೆ ಬಳಸಿ ಎಸೆಯತಕ್ಕದ್ದು, ಯಾವ ಬೆಲೆಯ ಚಾರ್ಜರಿಗೂ ಹಾಕತಕ್ಕದ್ದಲ್ಲ.