ಕೋಶ ಸ್ನಾಯುವಾಯಿತೇ? ಬಣ್ಣವನ್ನೇ ಕೇಳಿ

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ನೂಲಿನ ಲಡಿಗಳು ಬಣ್ಣದ ನೀರಿನಲ್ಲಿ ಮುಳುಗಿ ಏಳುವುದನ್ನು ನೋಡದ ಮಕ್ಕಳು ಕಡಿಮೆ. ಬಣ್ಣ ಹಿಡಿಯಿತೇ ಇಲ್ಲವೇ ಎಂಬುದು ತೊಳೆದ ಮೇಲೆಯೇ ಗೊತ್ತಾಗುವುದು. ಈ ಬಣ್ಣಗಾರಿಕೆಗೂ ಜೀವವಿಜ್ಞಾನದ ಪ್ರಯೋಗಾಲಯಕ್ಕೂ ಹಳೆಯ ನಂಟಿದೆ. 1876ರಲ್ಲಿ ಜರ್ಮನಿಯಲ್ಲಿ ತಯಾರಾದ ಮೆಥಿಲೀನ್ ಬ್ಲೂ ಮೂಲತಃ ಬಟ್ಟೆಯ ಬಣ್ಣ. ಇದಕ್ಕೆ ಇಯೋಸಿನ್ ಎಂಬ ಕೆಂಬಣ್ಣವನ್ನು ಕೂಡಿಸಿದ ಮಿಶ್ರಣವೊಂದನ್ನು ಗುಸ್ತಾವ್ ಗೀಮ್ಸಾ ಮಲೇರಿಯಾ ರೋಗಾಣುವಿನ ಪತ್ತೆಗಾಗಿ 1904ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳು ನಿಜವಾಗಿಯೂ ಸ್ನಾಯುಗಳಾಗಿವೆಯೇ ಎಂದು ತಿಳಿಯಲೂ ಅದೇ ಗೀಮ್ಸಾ ಬಣ್ಣ ಬಳಕೆಯಾಗುತ್ತದೆ.

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಗರಡಿಮನೆಯಲ್ಲಿ ಸಾಮು ಮಾಡುವ ಹುಡುಗನ ತೋಳು ಉಬ್ಬುವುದು ಮುಖ್ಯವಾಗಿ ಇದ್ದ ಸ್ನಾಯು ಎಳೆಗಳೇ ದಪ್ಪಗಾಗುವುದರಿಂದ. ಎಳೆಗೆ ಪೆಟ್ಟಾದರೆ ದುರಸ್ತಿಗೆ ಏಳುವುದು ಅದರ ಮಗ್ಗುಲಲ್ಲೇ ಮಲಗಿರುವ ಪುಟ್ಟ ಕೋಶಗಳು. ಇವನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದರು. ಎಚ್ಚೆತ್ತ ಈ ಕೋಶಗಳು ಹೆಚ್ಚುತ್ತ ಹೋಗಿ, ಆಮೇಲೆ ಒಂದಕ್ಕೊಂದು ಬೆಸೆದು, ಹಲವು ಕೋಶಕೇಂದ್ರಗಳುಳ್ಳ ಉದ್ದನೆಯ ನಳಿಕೆಗಳಾಗುತ್ತವೆ. ನಮ್ಮ ದೇಶದಲ್ಲಿ ಇಂಥ ಕೋಶಗಳ ನಿದ್ರೆ-ಎಚ್ಚರಗಳನ್ನು ಕುರಿತು ಹೈದರಾಬಾದಿನ ಸಿಸಿಎಂಬಿ ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗಳಲ್ಲಿ ಡಾ. ಜ್ಯೋತ್ಸ್ನಾ ಧವನ್ ಸಂಶೋಧನೆ ನಡೆಸಿದ್ದಾರೆ.

ಪ್ರಯೋಗಕ್ಕೆ ಹೆಚ್ಚಾಗಿ ಬಳಸುವುದು ಇಲಿಯ ತೊಡೆಯ ಸ್ನಾಯುವಿನಿಂದ ಬಂದ ಕೋಶಗಳನ್ನು. ಇವುಗಳ ಮೂಲ ತಳಿಯನ್ನು 1977ರಲ್ಲಿ ಇಸ್ರೇಲಿನ ಯಾಫೆ ಮತ್ತು ಸ್ಯಾಕ್ಸೆಲ್ ಪ್ರಕಟಿಸಿದರು. ಪೋಷಕ ದ್ರವದಲ್ಲಿ ಸೀರಂ ಹೇರಳವಾಗಿದ್ದರೆ ಕೋಶಗಳು ಸಂಖ್ಯೆಯಲ್ಲಿ ಬೆಳೆಯುತ್ತವೆ. ಅದನ್ನು ಶೇ. 2ಕ್ಕೆ ಇಳಿಸಿದರೆ ಕೆಲವೇ ದಿನಗಳಲ್ಲಿ ಬೆಸೆಯತೊಡಗುತ್ತವೆ. ಆಗ ಮೆಥನಾಲ್ ಹಾಕಿ ಅವನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ, ಗೀಮ್ಸಾ ಬಣ್ಣ ಹಾಕಿ ತೊಳೆಯುತ್ತಾರೆ. ಮೆಥನಾಲ್ ಬಿದ್ದ ಕೋಶ ಸಾಯುತ್ತದೆ, ಮತ್ತೆ ಬೆಳೆಸುವಂತಿಲ್ಲ. ಆದ್ದರಿಂದ ಎರಡನೆಯ ದಿನಕ್ಕೊಂದು, ನಾಲ್ಕನೆಯ ದಿನಕ್ಕೊಂದು ಎಂದು ಬೇರೆ ಬೇರೆ ತಟ್ಟೆಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿರಬೇಕು.

ಇನ್ನು ಎಣಿಕೆ. ಸೂಕ್ಷ್ಮದರ್ಶಕದಡಿ 200 ಕೋಶಕೇಂದ್ರಗಳು ಕಂಡು, ಅವುಗಳಲ್ಲಿ 90 ನಳಿಕೆಗಳ ಒಳಗಿದ್ದರೆ ಬೆಸುಗೆಯ ಪ್ರಮಾಣ ಶೇ. 45. ಲೆಕ್ಕ ಸುಲಭ, ಮೋಸ ಹೋಗುವುದೂ ಸುಲಭ! ಒತ್ತೊತ್ತಾಗಿ ಒಂದರ ಮೇಲೊಂದು ಕುಳಿತ ಕೋಶಗಳು ಬೆಸೆದಂತೆಯೇ ಕಾಣುತ್ತವೆ. ಚೆನ್ನಾಗಿ ಕಂಡ ಜಾಗವನ್ನಷ್ಟೇ ಎಣಿಸಿದರೆ ಫಲಿತಾಂಶ ಹುಸಿಯಾಗುತ್ತದೆ. ಅದಕ್ಕೇ ಹಲವು ಕಡೆ ಎಣಿಸಬೇಕು. ಯಾವ ತಟ್ಟೆಗೆ ಔಷಧ ಹಾಕಿದೆ ಎಂಬುದು ಎಣಿಸುವವರಿಗೆ ತಿಳಿದಿರಬಾರದು. ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆಯೂ ಉಂಟು. ಸ್ನಾಯುವಿನ ಪ್ರೋಟೀನಾದ ಮಯೋಸಿನ್‌ಗೆ ಮಾತ್ರ ಅಂಟುವ, ಹೊಳೆಯುವ ಗುರುತು ಹೊತ್ತ ಪ್ರತಿಕಾಯವನ್ನು ಹಾಕುತ್ತಾರೆ. ಬೆಸೆಯದ ಕೋಶವೂ ಕೆಲವೊಮ್ಮೆ ಹೊಳೆಯುತ್ತದೆ. ಅಂದರೆ ಅದು ಸ್ನಾಯುವಾಗಲು ಹೊರಟಿದೆ, ಇನ್ನೂ ಜೊತೆಗೂಡಿಲ್ಲ ಎಂದರ್ಥ.

ಇಷ್ಟು ಎಚ್ಚರ ಯಾಕೆ? ಡುಶೇನ್ ಸ್ನಾಯುಕ್ಷಯ ಎಂಬ ಕಾಯಿಲೆ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಆಡುವ ಮಗು ಪದೇ ಪದೇ ಬೀಳತೊಡಗುತ್ತದೆ, ತೊಡೆಗೆ ಕೈಯೂರಿ ಏಳುತ್ತದೆ. ಇಂಥ ಕಾಯಿಲೆಗೆ ಹುಡುಕುವ ಔಷಧಗಳ ಮೊದಲ ಪರೀಕ್ಷೆಗಳು ನಡೆಯುವುದು ಕೋಶಗಳ ಮೇಲೆ. ಅಲ್ಲಿ ಎಣಿಕೆ ತಪ್ಪಿದರೆ ಎಷ್ಟೋ ಮನೆಗಳ ಆಸೆ ದಾರಿ ತಪ್ಪುತ್ತದೆ.

ತಟ್ಟೆಯಲ್ಲಿ ಗೆದ್ದದ್ದು ಮಗುವಿನ ಮೈಯಲ್ಲೂ ಗೆಲ್ಲಬೇಕೆಂದಿಲ್ಲ ಎಂಬುದನ್ನು ಪಾಲಕರು ಮರೆಯಬಾರದು. ಆಕರಕೋಶದ ಚುಚ್ಚುಮದ್ದಿನಿಂದ ಸ್ನಾಯುಕ್ಷಯ ಗುಣವಾಗುತ್ತದೆಂದು ಹಣ ಕೇಳುವವರಿದ್ದಾರೆ. ರಕ್ತಸಂಬಂಧಿ ಕಾಯಿಲೆ ಮುಂತಾದ ಅನುಮೋದಿತ ಸಂದರ್ಭಗಳಲ್ಲಿ ಮಾಡುವ ರಕ್ತದ ಆಕರಕೋಶಗಳ ಕಸಿಯನ್ನು ಬಿಟ್ಟರೆ, ಉಳಿದ ಬಳಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಪಿಯುಸಿ ಪ್ರಯೋಗಾಲಯದಲ್ಲಿ ಸ್ನಾಯುವಿನ ಸ್ಲೈಡ್ ನೋಡುವ ವಿದ್ಯಾರ್ಥಿ ಚಿತ್ರ ಬರೆದು ಮುಗಿಸುವ ಮುನ್ನ ಒಂದು ಎಳೆಯಲ್ಲಿ ಎಷ್ಟು ಕೋಶಕೇಂದ್ರಗಳಿವೆ ಎಂದು ಎಣಿಸಿ ನೋಡಲಿ. ಬಣ್ಣವನ್ನು ನಂಬುವ ಮೊದಲು ತೊಳೆದು ನೋಡುವ ಬುದ್ಧಿ ಬನಹಟ್ಟಿಯ ಮಕ್ಕಳಿಗೆ ಮನೆಯಲ್ಲೇ ಬಂದಿರುತ್ತದೆ. ವಿಜ್ಞಾನಕ್ಕೆ ಬೇಕಾದುದೂ ಅದೇ.