ಟೊಳ್ಳು ಲೋಹಕ್ಕೆ ಗಟ್ಟಿ ಆಸರೆ: ಅಕ್ಕಸಾಲಿಗರ ಸ್ವಂತ ಹತಾರಗಳು

ಬಳೆಯ ಕೀಲು, ಓಲೆಯಲ್ಲಿ ಸಣ್ಣ ಹರಳು ಕೂರುವ ಗೂಡು, ಸರದ ನಡುವಿನ ಉದ್ದ ಮಣಿ, ನೋಟಕ್ಕೆ ದಪ್ಪವಾದರೂ ತೂಕಕ್ಕೆ ಹಗುರವಾದ ಕಡಗ. ಆಭರಣದಂಗಡಿಯ ಗಾಜಿನ ಹಿಂದೆ ಬೇರೆ ಬೇರೆಯಾಗಿ ಕಾಣುವ ಇವುಗಳ ಮೂಲರೂಪ ಹೆಚ್ಚಿನ ಸಂದರ್ಭಗಳಲ್ಲಿ ಒಂದೇ: ಲೋಹದ ಕೊಳವೆ. ತಂತಿಯನ್ನು ಬಗ್ಗಿಸಿದರೆ ಬಾಗುತ್ತದೆ. ಕೊಳವೆಯನ್ನು ಬಗ್ಗಿಸಿದರೆ ಮಡಿಸಿಕೊಳ್ಳುತ್ತದೆ. ಇಕ್ಕಳದಲ್ಲಿ ಹಿಡಿದರೆ ಚಪ್ಪಟೆಯಾಗುತ್ತದೆ. ತೆಳುವಾದ ಗೋಡೆ ಒಮ್ಮೆ ನಜ್ಜುಗುಜ್ಜಾದರೆ ಹೆಚ್ಚಾಗಿ ಕರಗಿಸಿ ಮತ್ತೆ ಮೊದಲಿನಿಂದ ಆರಂಭಿಸುವುದೇ ಗತಿ. ಚಿನ್ನದ ವಿಷಯದಲ್ಲಿ ಇದು ಸಣ್ಣ ನಷ್ಟವಲ್ಲ.

ಟೊಳ್ಳಿಗೆ ಒಳಗಿನಿಂದಲೋ ಹೊರಗಿನಿಂದಲೋ ಆಸರೆ ಬೇಕು. ಕೊಳವೆಯ ಕೆಲಸದ ಹತಾರಗಳೆಲ್ಲ ಮಾಡುವುದು ಇದನ್ನೇ. ಮಾರುಕಟ್ಟೆಯ ಹತಾರಗಳು ನಿಗದಿತ ಅಳತೆಯವು. ಕೈಯಲ್ಲಿರುವ ಕೊಳವೆ 3.7 ಮಿ.ಮೀ. ಇದ್ದು, ಹತಾರದ ಹಳ್ಳ 4 ಮಿ.ಮೀ. ಇದ್ದರೆ ಆಸರೆ ಹೆಸರಿಗಷ್ಟೇ. ಅಕ್ಕಸಾಲಿಗರು ತಮ್ಮ ಹತಾರಗಳನ್ನು ತಾವೇ ಮಾಡಿಕೊಳ್ಳುವುದಕ್ಕೆ ಹಣದ ಅಭಾವವೊಂದೇ ಕಾರಣವಲ್ಲ.

ಕೊಳವೆ ಹುಟ್ಟುವುದು ತಗಡಿನ ಪಟ್ಟಿಯಿಂದ. ಪಟ್ಟಿಯ ಅಗಲದ ಲೆಕ್ಕದಲ್ಲಿ ಹೊಸಬರು ಎಡವುವುದುಂಟು. ಹೊರವ್ಯಾಸವನ್ನು ನೇರವಾಗಿ 3.14ರಿಂದ ಗುಣಿಸಬಾರದು, ಅದರಿಂದ ತಗಡಿನ ದಪ್ಪವನ್ನು ಮೊದಲು ಕಳೆಯಬೇಕು. 4 ಮಿ.ಮೀ. ಕೊಳವೆಗೆ 0.5 ಮಿ.ಮೀ. ತಗಡಾದರೆ 3.5ನ್ನು ಗುಣಿಸಿ, ಸುಮಾರು 11 ಮಿ.ಮೀ. ಅಗಲ ಸಾಕು.

ಪಟ್ಟಿಯನ್ನು ದೋಣಿಯಂತೆ ಬಾಗಿಸಲು ಹಳ್ಳವಿರುವ ಮರದ ಅಚ್ಚು ಬೇಕು. ಇದರ ತಯಾರಿ ಜಾಣತನದ್ದು. ಎರಡು ಗಟ್ಟಿಮರದ ತುಂಡುಗಳನ್ನು ಒತ್ತಾಗಿ ಬಿಗಿದು, ಅವು ಕೂಡುವ ಗೆರೆಯ ಮೇಲೆಯೇ ಬೈರಿಗೆ ಇಳಿಸಬೇಕು. ಬಿಡಿಸಿದರೆ ಎರಡರಲ್ಲೂ ಅರ್ಧವೃತ್ತದ ಹಳ್ಳ ಸಿದ್ಧ. ಕೊರೆಯುವಾಗ ನಡುವೆ ತೆಳುವಾದ ರಟ್ಟು ಇಟ್ಟು ಅನಂತರ ತೆಗೆದರೆ, ಅದೇ ಜೋಡಿ ಕೊಳವೆಯನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಹಿಡಿಕೆಯೂ ಆಗುತ್ತದೆ. ಅದಕ್ಕೆ ಅಡ್ಡಲಾಗಿ ಒಂದು ಸೀಳು ಕೊಯ್ದರೆ ಗರಗಸ ಅತ್ತಿತ್ತ ಜಾರದೆ, ತುಂಡುಗಳು ನೇರವಾಗಿ ಬರುತ್ತವೆ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆ ಕಟ್ಟಿದವರು ಗರಗಸದ ಬಾಯಿಗೆ ಹೋಗುವ ಪುಡಿಯ ಲೆಕ್ಕ ಹಿಡಿದಿರಲಿಕ್ಕಿಲ್ಲ. ಓರೆಯಾಗಿ ಕೊಯ್ದ ಪ್ರತಿ ತುಂಡನ್ನೂ ಮತ್ತೆ ಅರದಿಂದ ಉಜ್ಜಬೇಕು, ಆ ಪುಡಿಯೂ ನಷ್ಟವೇ.

ದೋಣಿಯಾದ ಪಟ್ಟಿ ದುಂಡಾಗುವುದು ಕಂಬಚ್ಚಿನಲ್ಲಿ, ಅಂದರೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ರಂಧ್ರಗಳಿರುವ ಉಕ್ಕಿನ ಪಟ್ಟಿಯಲ್ಲಿ. ಪಟ್ಟಿಯ ತುದಿಯನ್ನು ಚೂಪುಮಾಡಿ, ಜೇನುಮೇಣ ಸವರಿ, ಒಂದೊಂದೇ ರಂಧ್ರದಲ್ಲಿ ಎಳೆದಾಗ ಅಂಚುಗಳು ಕೂಡಿಕೊಳ್ಳುತ್ತವೆ. ಅನಂತರ ಬೆಸುಗೆ. ಎಳೆದಷ್ಟೂ ಲೋಹ ಗಡುಸಾಗುವುದರಿಂದ ಆಗಾಗ ಕಾಯಿಸಿ ಮೆದುಗೊಳಿಸದಿದ್ದರೆ ಸೀಳುತ್ತದೆ. 12ನೇ ಶತಮಾನದಲ್ಲಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಯುರೋಪಿನ ಸನ್ಯಾಸಿಯೊಬ್ಬ ಬರೆದ ಕರಕುಶಲ ಗ್ರಂಥದಲ್ಲಿಯೂ ತಂತಿ ಎಳೆಯುವ ಇಂಥ ಪಟ್ಟಿಯ ಪ್ರಸ್ತಾಪವಿದೆ.

ಸವೆದ ಹಳೆಯ ಅರದಿಂದಲೇ ಸಣ್ಣ ಕಂಬಚ್ಚು ಮಾಡಿಕೊಳ್ಳಬಹುದು. ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ತಣಿಸಿದರೆ ಕೊರೆಯುವಷ್ಟು ಮೆದುವಾಗುತ್ತದೆ. ಲೋಹ ಒಳಹೋಗುವ ಕಡೆ ರಂಧ್ರದ ಬಾಯಿ ಅಗಲವಾಗಿದ್ದು ಹೊರಬರುವ ಕಡೆಗೆ ಕಿರಿದಾಗಬೇಕು, ಒಳಮೈ ಕನ್ನಡಿಯಂತೆ ನಯವಾಗಬೇಕು. ಬಳಿಕ ಅಯಸ್ಕಾಂತಕ್ಕೆ ಅಂಟದಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಮತ್ತೆ ಗಡುಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಗಾಜಿನಂತೆ ಒಡೆಯುವ ಅಪಾಯವಿದೆ. ಮೇಲ್ಮೈ ಉಜ್ಜಿ, ಒಣಹುಲ್ಲಿನ ಬಣ್ಣ ಮೂಡುವವರೆಗೆ ಹದವಾಗಿ ಬಿಸಿಮಾಡುವುದು ಕಡ್ಡಾಯ.

ಇನ್ನು ಬಾಗಿಸುವ ಕೆಲಸ. ವಿದ್ಯುತ್ ಕೆಲಸಗಾರರು ಪ್ಲಾಸ್ಟಿಕ್ ಪೈಪನ್ನು ಬಗ್ಗಿಸುವಾಗ ಒಳಗೆ ಸ್ಪ್ರಿಂಗ್ ತೂರಿಸುವುದನ್ನು ಓದುಗರು ಕಂಡಿರಬಹುದು. ಆಭರಣದ ಕೊಳವೆಗೆ ಆ ಪಾತ್ರವನ್ನು ಒಳಗೆ ತುಂಬಿದ ಅರಗು ಅಥವಾ ನುಣ್ಣನೆಯ ಮರಳು ವಹಿಸುತ್ತದೆ. ಹೊರಗೆ, ಕೊಳವೆಯ ಅರ್ಧಭಾಗ ಸರಿಯಾಗಿ ಕೂರುವಂತೆ ಅಂಚಿನಲ್ಲಿ ಹಳ್ಳ ತೆಗೆದ ಮರದ ಗಾಲಿ ಸಾಕು. ಚಿನ್ನದ ಕೊಳವೆಯೊಳಗೆ ತಾಮ್ರದ ತಂತಿ ಇಟ್ಟು ಬಾಗಿಸಿ, ಬಳಿಕ ನೈಟ್ರಿಕ್ ಆಮ್ಲದಲ್ಲಿ ತಾಮ್ರವನ್ನಷ್ಟೇ ಕರಗಿಸುವ ಪದ್ಧತಿಯೂ ಇದೆ. ಅದರಿಂದೇಳುವ ಕಂದು ಹೊಗೆ ಶ್ವಾಸಕೋಶಕ್ಕೆ ಮಾರಕವಾದ್ದರಿಂದ ಗಾಳಿಯಾಡದ ಕೋಣೆಯಲ್ಲಿ ಇದು ಸಲ್ಲದು. ಬೆಳ್ಳಿಗಂತೂ ಈ ಉಪಾಯ ನಡೆಯದು, ಏಕೆಂದರೆ ಆಮ್ಲ ಅದನ್ನೂ ಕರಗಿಸುತ್ತದೆ.

ಮರಳು ಪೂರ್ತಿ ಒಣಗಿರಬೇಕು. ಎರಡೂ ತುದಿ ಮುಚ್ಚಿದ ಕೊಳವೆಯನ್ನು ಕಾಯಿಸಿದಾಗ ಒಳಗಿನ ತೇವ ಹಬೆಯಾಗಿ ಸಿಡಿಯಬಹುದು. ಟೊಳ್ಳು ಮಣಿಯ ಬಾಯಿಯನ್ನು ಬೆಸೆಯುವಾಗಲೂ ಇದೇ ಭಯ. ಅಂಥ ಒಡವೆಯ ಮರೆಯ ಜಾಗದಲ್ಲಿ ಸೂಜಿಮೊನೆಯಷ್ಟು ರಂಧ್ರ ಕಂಡರೆ ಅದನ್ನು ದೋಷವೆಂದು ಅಂಗಡಿಯವರೊಡನೆ ಜಗಳಕ್ಕಿಳಿಯಬೇಕಿಲ್ಲ. ಬಿಸಿಗಾಳಿ ಹೊರಹೋಗಲೆಂದು ಅಕ್ಕಸಾಲಿಗನೇ ಬಿಟ್ಟ ದಾರಿ ಅದಾಗಿರುವ ಸಾಧ್ಯತೆ ಹೆಚ್ಚು.