ರೇಖೆ ಮತ್ತು ಗಣಕ: ಸಚೇತನ ಚಿತ್ರದಲ್ಲಿ ಆಯ್ಕೆಯ ಪ್ರಶ್ನೆ

೨೦೨೫ರಲ್ಲಿ ಭಾರತದ ಚಿತ್ರಮಂದಿರಗಳು ಆರು ತಿಂಗಳ ಅಂತರದಲ್ಲಿ ಎರಡು ಪೌರಾಣಿಕ ಸಚೇತನ ಚಿತ್ರಗಳನ್ನು ಕಂಡವು. ಜನವರಿಯಲ್ಲಿ ತೆರೆಗೆ ಬಂದದ್ದು 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಜಪಾನಿನ ಯುಗೊ ಸಾಕೊ, ಕೊಯಿಚಿ ಸಸಾಕಿ ಹಾಗೂ ಮುಂಬಯಿಯ ರಾಮ್ ಮೋಹನ್ ಸೇರಿ ನಿರ್ದೇಶಿಸಿದ, ೧೯೯೨ರಷ್ಟು ಹಿಂದೆಯೇ ಸಿದ್ಧವಾಗಿದ್ದ, ಕೈಯಿಂದ ಬರೆದ ಚಿತ್ರ ಅದು. ಜುಲೈಯಲ್ಲಿ ಬಂದದ್ದು ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ್ ನರಸಿಂಹ'. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಿಡುಗಡೆಯಾದ, ಗಣಕಯಂತ್ರದಲ್ಲಿ ರೂಪುಗೊಂಡ ಚಿತ್ರ. ಎರಡನ್ನೂ ನೋಡಿದವರಲ್ಲಿ ಹಳೆಯ ವಾಗ್ವಾದವೊಂದು ಮತ್ತೆ ಎದ್ದಿತು: ಕೈಬರಹದ ಚಿತ್ರ ಮೇಲೋ, ಗಣಕದ ಚಿತ್ರ ಮೇಲೋ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಮನುಷ್ಯ ಮತ್ತು ಯಂತ್ರಗಳ ನಡುವಣ ಆಯ್ಕೆಯೆಂಬಂತೆ ಮಂಡಿಸಲಾಗುತ್ತದೆ. ಕೈಯಿಂದ ಬರೆದದ್ದರಲ್ಲಿ ಆತ್ಮವಿದೆ, ಯಂತ್ರದ್ದು ನಿರ್ಜೀವ ಎಂದು ಒಂದು ಪಕ್ಷ. ಗಣಕ ಬಂದಮೇಲೆ ಕಾಗದ ಪೆನ್ಸಿಲು ಹಳೆಯ ಕಾಲದ ಸಾಮಗ್ರಿ ಎಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಚಿತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ವಿಚಾರಿಸುವ ಗೋಜಿಗೆ ಹೋಗುವುದು ವಿರಳ. ವಿಚಾರಿಸಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ.

ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳು ಸರಿದುಹೋಗುತ್ತವೆ. ಎಂಬತ್ತು ನಿಮಿಷದ ಚಿತ್ರಕ್ಕೆ ೧,೧೫,೨೦೦ ಚೌಕಟ್ಟುಗಳಾದವು. ಒಂದೇ ಬರಹವನ್ನು ಎರಡು ಚೌಕಟ್ಟುಗಳಿಗೆ ಬಳಸುವ ರೂಢಿ ವ್ಯಾಪಕವಾಗಿದ್ದು, ಹಾಗೆ ಉಳಿತಾಯ ಮಾಡಿದರೂ ಇಡೀ ಚಿತ್ರದುದ್ದಕ್ಕೆ ಒಬ್ಬ ಪಾತ್ರಧಾರಿಗೇ ಐವತ್ತೇಳು ಸಾವಿರದ ಮೇಲೆ ಬರಹಗಳು ಬೇಕು. ಇದನ್ನು ಒಬ್ಬನೇ ಮಾಡಲಾರ. ಆದ್ದರಿಂದ ಮುಖ್ಯ ಕಲಾವಿದನು ಚಲನೆಯ ನಿರ್ಣಾಯಕ ಭಂಗಿಗಳನ್ನು ಮಾತ್ರ ಬರೆಯುತ್ತಾನೆ. ಬಾಣವನ್ನು ಹೂಡಿದ ಕ್ಷಣ, ಹೆದೆಯನ್ನು ಕಿವಿಯವರೆಗೆ ಸೆಳೆದ ಕ್ಷಣ, ಬಿಟ್ಟ ಕ್ಷಣ. ಇವುಗಳ ನಡುವಣ ಬರಹಗಳನ್ನು ಪೂರೈಸುವವರು ಸಹಾಯಕರು. ಅವರನ್ನು 'ನಡುಚಿತ್ರಕಾರರು' ಎನ್ನಬಹುದು. ಬಳಿಕ ರೇಖೆಯನ್ನು ಪಾರದರ್ಶಕ ಹಾಳೆಗೆ ಇಳಿಸಿ, ಹಾಳೆಯ ಹಿಂಬದಿಯಿಂದ ಬಣ್ಣ ತುಂಬಿ, ಬೇರೆಯಾಗಿ ಬರೆದ ಹಿನ್ನೆಲೆಯ ಮೇಲೆ ಇರಿಸಿ, ಒಂದೊಂದಾಗಿ ಕ್ಯಾಮರಾದಡಿ ಚಿತ್ರೀಕರಿಸಬೇಕು. ಅಮೆರಿಕದ ಅರ್ಲ್ ಹರ್ಡ್ ಎಂಬಾತ ೧೯೧೪ರ ಸುಮಾರಿಗೆ ಸಿದ್ಧಪಡಿಸಿದ ಈ ಪಾರದರ್ಶಕ ಹಾಳೆಯ ಪದ್ಧತಿಯಿಂದ ಹಿನ್ನೆಲೆಯನ್ನು ಪ್ರತಿ ಚೌಕಟ್ಟಿಗೂ ಹೊಸದಾಗಿ ಬರೆಯುವ ಶಿಕ್ಷೆ ತಪ್ಪಿತು. ಡಿಸ್ನಿಯ 'ಸ್ನೋ ವೈಟ್' ೧೯೩೭ರಲ್ಲಿ ತೆರೆ ಕಂಡದ್ದು ಇದೇ ಪದ್ಧತಿಯಿಂದ.

ಮುಂಬಯಿಗೆ ಈ ವಿದ್ಯೆ ವ್ಯವಸ್ಥಿತವಾಗಿ ಬಂದದ್ದು ಐವತ್ತರ ದಶಕದಲ್ಲಿ. ಫಿಲ್ಮ್ಸ್ ಡಿವಿಷನ್ ತನ್ನ ಕಾರ್ಟೂನ್ ಚಿತ್ರ ಘಟಕವನ್ನು ಕಟ್ಟಿಕೊಂಡಾಗ ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಇಲ್ಲಿಗೆ ಬಂದು ತರಬೇತಿ ನೀಡಿದರು. ೧೯೫೭ರ 'ದಿ ಬನಿಯನ್ ಡಿಯರ್' ಆ ಪಾಠಶಾಲೆಯ ಮೊದಲ ಫಲ. ಕಥೆ ಜಾತಕದ್ದು, ತಂತ್ರ ಮಾತ್ರ ಹಾಲಿವುಡ್ಡಿನದು. ದೂರದರ್ಶನದ ಕಾಲದಲ್ಲಿ ಬೆಳೆದವರಾರೂ ಮರೆಯದ 'ಏಕ್ ಅನೇಕ್ ಔರ್ ಏಕ್ತಾ' (೧೯೭೪) ಚಿತ್ರವನ್ನು ವಿಜಯಾ ಮುಳೆ ರೂಪಿಸಿದರು. ಅದರ ಸಚೇತನ ಕಾರ್ಯ ಭೀಮಸೇನ್ ಅವರದು. ಡಿಸ್ನಿಯ ದುಂಡುತನವನ್ನು ಬಿಟ್ಟುಕೊಟ್ಟ, ಸರಳವೂ ಚಪ್ಪಟೆಯೂ ಆದ ಅದರ ಆಕೃತಿಗಳಲ್ಲಿ ಕೈಬರಹದ ಚಿತ್ರ ಅಲ್ಪ ಸಾಧನಗಳಿಂದಲೂ ಎಷ್ಟು ದೂರ ಸಾಗಬಲ್ಲದೆಂಬುದು ಕಾಣುತ್ತದೆ.

ಇನ್ನು ಗಣಕದ ಮಾತು. ಗಣಕ 'ಬರೆಯುತ್ತದೆ' ಎಂಬ ನಂಬಿಕೆ ಜನಜನಿತವಾಗಿದ್ದರೂ ಅದು ಸರಿಯಲ್ಲ. ಗಣಕದ ಸಚೇತನ ಚಿತ್ರವು ಚಿತ್ರಕಲೆಗಿಂತ ಸೂತ್ರದ ಗೊಂಬೆಯಾಟಕ್ಕೆ ಸಮೀಪವಾದದ್ದು. ಮೊದಲು ಪಾತ್ರದ ಶಿಲ್ಪವೊಂದನ್ನು ಗಣಕದೊಳಗೆ ಕಡೆಯಲಾಗುತ್ತದೆ. ಅದಕ್ಕೆ ಎಲುಬಿನ ಹಂದರವನ್ನೂ ನೂರಾರು ನಿಯಂತ್ರಣ ಬಿಂದುಗಳನ್ನೂ ಜೋಡಿಸುತ್ತಾರೆ; ಇವೇ ಸೂತ್ರಗಳು. ಹುಬ್ಬಿನ ಒಂದು ತುದಿಗೆ ಒಂದು ಸೂತ್ರ, ತುಟಿಯ ಅಂಚಿಗೆ ಇನ್ನೊಂದು. ಕಲಾವಿದನು ಈ ಸೂತ್ರಗಳನ್ನು ಎಳೆದು ಸಡಿಲಿಸಿ ನಿರ್ಣಾಯಕ ಭಂಗಿಗಳನ್ನು ನಿಲ್ಲಿಸುತ್ತಾನೆ. ನಡುವಣ ಸ್ಥಿತಿಗಳನ್ನು ಯಂತ್ರ ಲೆಕ್ಕ ಹಾಕಿ ತುಂಬುತ್ತದೆಯಾದರೂ ಆ ಲೆಕ್ಕ ಹಾಗೆಯೇ ಬಿಟ್ಟರೆ ಚಲನೆ ನೀರಿನಲ್ಲಿ ತೇಲಿದಂತೆ ಜೋಲಾಗುತ್ತದೆ. ಎಲ್ಲಿ ವೇಗ, ಎಲ್ಲಿ ತಡೆ, ಎಲ್ಲಿ ಭಾರ ಎಂಬುದನ್ನು ಮನುಷ್ಯನೇ ತಿದ್ದಬೇಕು. ಆಮೇಲೆ ಬೆಳಕು, ನೆರಳು, ಚರ್ಮದ ಹೊಳಪುಗಳ ಗಣನೆ. ಇಲ್ಲಿ ಮಾತ್ರ ಯಂತ್ರದ ದುಡಿಮೆ ಅಪಾರ.

ಈ ನೆಲೆಯಲ್ಲಿ ಜಾನ್ ಲ್ಯಾಸೆಟರ್ ೧೯೮೭ರಲ್ಲಿ ಗಣಕ ತಜ್ಞರ ಸಮ್ಮೇಳನಕ್ಕಾಗಿ ಬರೆದ ಪ್ರಬಂಧ ಗಮನಾರ್ಹ. ಡಿಸ್ನಿಯ ಹಿರಿಯರಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹನ್ನೆರಡು ತತ್ತ್ವಗಳನ್ನು ನಿರೂಪಿಸಿದ್ದರು: ಹಿಗ್ಗುವಿಕೆ ಕುಗ್ಗುವಿಕೆ, ಕ್ರಿಯೆಗೆ ಮುಂಚಿನ ಸನ್ನಾಹ, ಕಾಲದ ಹದ ಮುಂತಾದವು. ಈ ತತ್ತ್ವಗಳು ಗಣಕದಲ್ಲಿಯೂ ಅನಿವಾರ್ಯವೆಂಬುದು ಲ್ಯಾಸೆಟರ್ ಅವರ ವಾದ. ಎಂಟು ವರ್ಷಗಳ ಬಳಿಕ, ೧೯೯೫ರ ನವೆಂಬರಿನಲ್ಲಿ, ಅವರೇ ನಿರ್ದೇಶಿಸಿದ 'ಟಾಯ್ ಸ್ಟೋರಿ' ಸಂಪೂರ್ಣ ಗಣಕನಿರ್ಮಿತವಾದ ಮೊದಲ ಪೂರ್ಣಪ್ರಮಾಣದ ಚಿತ್ರವಾಗಿ ಬಂದಿತು. ಅದರ ನಾಯಕರು ಆಟಿಕೆಗಳಾಗಿದ್ದದ್ದು ಕಥೆಯ ಸೊಗಸಿಗೆ ಮಾತ್ರವಲ್ಲ. ಅಂದಿನ ಗಣಕಕ್ಕೆ ಪ್ಲಾಸ್ಟಿಕ್ಕಿನ ಹೊಳಪು ಸುಲಭವಾಗಿ ದಕ್ಕುತ್ತಿತ್ತು. ಕೂದಲು, ಬಟ್ಟೆ, ಮನುಷ್ಯರ ಚರ್ಮ ದಕ್ಕುತ್ತಿರಲಿಲ್ಲ. ಆ ಚಿತ್ರದ ಮನುಷ್ಯಪಾತ್ರಗಳನ್ನು ಇಂದು ನೋಡಿದರೆ ಅವೇ ಹೆಚ್ಚು ಗೊಂಬೆಗಳಂತೆ ಕಾಣುತ್ತವೆ. ೨೦೦೧ರ 'ಮಾನ್‌ಸ್ಟರ್ಸ್ ಇಂಕ್'ನ ಹೊತ್ತಿಗೆ ಸಲ್ಲಿ ಎಂಬ ಒಂದೇ ಪಾತ್ರದ ಮೈಮೇಲೆ ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು ಕೂದಲೆಳೆಗಳು ಅಲುಗಾಡುತ್ತಿದ್ದವು.

ಗಣಕವು ಕೈಬರಹದ ಮನೆಯೊಳಗೆ ಕಾಲಿಟ್ಟದ್ದು ಇದಕ್ಕೂ ಮೊದಲೇ ಎಂಬುದನ್ನು ವಾದಿಗಳು ಮರೆಯುತ್ತಾರೆ. ೧೯೯೦ರ 'ದಿ ರೆಸ್ಕ್ಯೂಯರ್ಸ್ ಡೌನ್ ಅಂಡರ್' ಚಿತ್ರದಿಂದ ಡಿಸ್ನಿಯವರು ಪಾರದರ್ಶಕ ಹಾಳೆ ಮತ್ತು ಬಣ್ಣದ ಕುಂಚಗಳನ್ನು ತ್ಯಜಿಸಿದರು. ಕಾಗದದ ಮೇಲಿನ ಪೆನ್ಸಿಲ್ ಬರಹವನ್ನು ಗಣಕಕ್ಕೆ ಊಡಿಸಿ, ಬಣ್ಣವನ್ನು ಅಲ್ಲಿಯೇ ತುಂಬಿದರು. ಪಿಕ್ಸಾರ್ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡ ಆ ವ್ಯವಸ್ಥೆಗೆ 'ಕ್ಯಾಪ್ಸ್' ಎಂದು ಹೆಸರು. ೧೯೯೧ರ 'ಬ್ಯೂಟಿ ಅಂಡ್ ದಿ ಬೀಸ್ಟ್'ನಲ್ಲಿ ನರ್ತಿಸುವ ಜೋಡಿ ಕೈಬರಹದ್ದು, ಸುತ್ತಲಿನ ನೃತ್ಯಶಾಲೆ ಗಣಕದ್ದು. ೧೯೯೪ರ 'ದಿ ಲಯನ್ ಕಿಂಗ್'ನಲ್ಲಿ ಕಣಿವೆಗೆ ನುಗ್ಗುವ ಕಾಡುಪಶುಗಳ ಹಿಂಡು ಗಣಕದ ಲೆಕ್ಕಾಚಾರದಿಂದ ಓಡುತ್ತದೆ. ಕೈಬರಹದ ಪರಿಶುದ್ಧತೆಗೆ ಉದಾಹರಣೆಯಾಗಿ ಇದೇ ಚಿತ್ರಗಳನ್ನು ಎತ್ತಿ ಹಿಡಿಯುವವರಿದ್ದಾರೆ!

ಎರಡು ದಾರಿಗಳ ಕೂಡುವಿಕೆಗೆ ಅತ್ಯಂತ ಬೋಧಪ್ರದವಾದ ನಿದರ್ಶನ ಬ್ರಾಡ್ ಬರ್ಡ್ ಅವರ 'ದಿ ಐರನ್ ಜಯಂಟ್' (೧೯೯೯). ಒಬ್ಬ ಹುಡುಗ ಮತ್ತು ಆಕಾಶದಿಂದ ಬಿದ್ದ ಕಬ್ಬಿಣದ ದೈತ್ಯನ ಸ್ನೇಹದ ಕಥೆ ಅದು. ಹುಡುಗ, ತಾಯಿ, ಊರವರು ಎಲ್ಲರೂ ಕೈಬರಹ. ದೈತ್ಯ ಮಾತ್ರ ಗಣಕದ್ದು. ಲೋಹದ ದೇಹ ಚೌಕಟ್ಟಿನಿಂದ ಚೌಕಟ್ಟಿಗೆ ತನ್ನ ಅಳತೆ ಕೆಡದಂತೆ ಇರಬೇಕಾದ್ದರಿಂದ ಈ ಆಯ್ಕೆ ನ್ಯಾಯವಾದದ್ದೇ. ಆದರೆ ಯಂತ್ರದ ರೇಖೆ ತೀರ ನಿಖರವಾಗಿ, ಪಕ್ಕದ ಕೈರೇಖೆಗೆ ಹೊಂದದೆ ಉಳಿಯಿತು. ಆಗ ತಂತ್ರಜ್ಞರು ದೈತ್ಯನ ರೇಖೆಯನ್ನು ಕೊಂಚ ನಡುಗಿಸುವ ಕ್ರಮವಿಧಿಯೊಂದನ್ನು ರಚಿಸಿದರು. ಯಂತ್ರಕ್ಕೆ ತಪ್ಪುಮಾಡುವುದನ್ನು ಕಲಿಸಿದರು ಎಂದರೂ ಸಲ್ಲುತ್ತದೆ. ಕೈರೇಖೆಯ ಬೆಲೆ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರಕುವುದು ಕಷ್ಟ. ಬಿಡುಗಡೆಯಾದಾಗ ಚಿತ್ರ ಸೋತಿತು. ಅದರ ಮನ್ನಣೆ ಬೆಳೆದದ್ದು ಆಮೇಲೆ.

ಸೋಲು ಗೆಲುವುಗಳ ಈ ಲೆಕ್ಕವೇ ಮುಂದೆ ಕೈಬರಹದ ಕುತ್ತಿಗೆಗೆ ಬಂತು. ೨೦೦೨ರಲ್ಲಿ ಡಿಸ್ನಿಯ 'ಟ್ರೆಷರ್ ಪ್ಲ್ಯಾನೆಟ್' ನಷ್ಟಕ್ಕೀಡಾಯಿತು. ೨೦೦೩ರಲ್ಲಿ ಡ್ರೀಮ್‌ವರ್ಕ್ಸ್‌ನ 'ಸಿಂದ್‌ಬಾದ್' ಸಹ. ಪ್ರೇಕ್ಷಕರಿಗೆ ಕೈಬರಹ ಬೇಡವಾಗಿದೆ ಎಂಬ ತೀರ್ಮಾನಕ್ಕೆ ಹಣ ಹೂಡುವವರು ಬಂದರು. ೨೦೦೪ರ ಆರಂಭದಲ್ಲಿ ಡಿಸ್ನಿಯ ಫ್ಲಾರಿಡಾ ಚಿತ್ರಶಾಲೆ ಮುಚ್ಚಿತು. ಅದೇ ಶಾಲೆಯಲ್ಲಿ ತಯಾರಾಗಿದ್ದ, ಜಲವರ್ಣದ ಹಿನ್ನೆಲೆಗಳುಳ್ಳ 'ಲೀಲೋ ಅಂಡ್ ಸ್ಟಿಚ್' ೨೦೦೨ರಲ್ಲಿಯೇ ಚೆನ್ನಾಗಿ ಗಳಿಸಿತ್ತು. ಹಯಾವೊ ಮಿಯಾಜಾಕಿಯವರ ಕೈಬರಹದ 'ಸ್ಪಿರಿಟೆಡ್ ಅವೇ' ೨೦೦೩ರಲ್ಲಿ ಆಸ್ಕರ್ ಪಡೆದಿತ್ತು. ಸೋತದ್ದು ಆಯಾ ಚಿತ್ರಗಳ ಕಥೆಯೇ ಹೊರತು ಅವುಗಳ ರೇಖೆಯಲ್ಲ ಎಂಬುದು ಇದರಿಂದ ವ್ಯಕ್ತವಾಗಬೇಕಿತ್ತು. ೨೦೦೬ರಲ್ಲಿ ಡಿಸ್ನಿ ಪಿಕ್ಸಾರನ್ನು ಕೊಂಡಮೇಲೆ, ಗಣಕಚಿತ್ರದ ಪ್ರವರ್ತಕರಾದ ಲ್ಯಾಸೆಟರ್ ಅವರ ಕಾಲದಲ್ಲಿಯೇ 'ದಿ ಪ್ರಿನ್ಸೆಸ್ ಅಂಡ್ ದಿ ಫ್ರಾಗ್' (೨೦೦೯) ಕೈಬರಹದಲ್ಲಿ ಬಂದದ್ದು ವಿಚಿತ್ರವಾದರೂ ನಿಜ. ೨೦೧೧ರ 'ವಿನ್ನಿ ದ ಪೂಹ್'ನೊಂದಿಗೆ ಆ ಪುನರಾರಂಭವೂ ನಿಂತಿತು.

ಇಲ್ಲಿ ನಷ್ಟವಾದದ್ದು ಒಂದು ಶೈಲಿಯಷ್ಟೇ ಅಲ್ಲ, ಒಂದು ಗುರುಕುಲವೂ ಹೌದು. ನಡುಚಿತ್ರಕಾರನ ಕೆಲಸ ನೀರಸವಾದದ್ದು, ಸಂಬಳ ಕಡಿಮೆಯದು. ಆದರೆ ಹಿರಿಯನ ಎರಡು ಭಂಗಿಗಳ ನಡುವೆ ದಿನವಿಡೀ ಬರೆಯುತ್ತ ಬರೆಯುತ್ತಲೇ ಕಿರಿಯನಿಗೆ ಚಲನೆಯ ಮರ್ಮ ಕೈಗೆ ಹತ್ತುತ್ತಿತ್ತು. ತಾಳಮದ್ದಲೆಯಲ್ಲಿ ಹಿರಿಯ ಅರ್ಥಧಾರಿಯ ಪಕ್ಕದಲ್ಲಿ ಕುಳಿತು ಕಲಿತಂತೆ. ಗಣಕ ಆ ಮೆಟ್ಟಿಲನ್ನೇ ತೆಗೆದುಹಾಕಿತು. ಇಂದಿನ ವಿದ್ಯಾರ್ಥಿ ತಂತ್ರಾಂಶವನ್ನು ಬೇಗ ಕಲಿಯುತ್ತಾನೆ, ಆದರೆ ಭಾರವೆಂದರೇನು, ತಡೆಯೆಂದರೇನು ಎಂಬುದನ್ನು ಬೆರಳಿನಿಂದ ತಿಳಿಯುವ ಅವಕಾಶ ಅವನಿಗೆ ಕಡಿಮೆ. ಭಾರತದ ನಗರಗಳಲ್ಲಿ ಈ ಉದ್ಯೋಗ ಬೆಳೆದದ್ದು ಹೆಚ್ಚಾಗಿ ಹೊರದೇಶದವರ ಗುತ್ತಿಗೆಯ ಕೆಲಸದಿಂದ. ಕಲ್ಪನೆ ಅಲ್ಲಿಯದು, ದುಡಿಮೆ ಇಲ್ಲಿಯದು ಎಂಬ ಈ ಏರ್ಪಾಟು ಸಾಧನ ಬದಲಾದರೂ ಬೇಗ ಬದಲಾಗಲಿಲ್ಲ. ಸಾಧನದ ಬಗೆಗಿನ ಚರ್ಚೆಯಲ್ಲಿ ಇದು ಮರೆಯಾಗುವುದು ವಿಷಾದಕರ.

ಹಾಗಾದರೆ ಆಯ್ಕೆಗೆ ಆಧಾರವೇ ಇಲ್ಲವೆ? ಇದೆ. ಸಾಧನಕ್ಕೂ ವಸ್ತುವಿಗೂ ಇರುವ ಹೊಂದಾಣಿಕೆ ಅದು. ಇಸಾವೊ ತಕಾಹತಾ ಅವರ 'ದಿ ಟೇಲ್ ಆಫ್ ದಿ ಪ್ರಿನ್ಸೆಸ್ ಕಗುಯ' (೨೦೧೩) ಚಿತ್ರದಲ್ಲಿ ಅರಮನೆಯಿಂದ ರಾಜಕುಮಾರಿ ಓಡಿಹೋಗುವ ಸನ್ನಿವೇಶವೊಂದಿದೆ. ಆಕೆಯ ಉದ್ವೇಗ ಏರಿದಂತೆ ರೇಖೆ ಒಡೆಯುತ್ತದೆ. ಬಟ್ಟೆ, ಕೂದಲು, ಮುಖ ಎಲ್ಲವೂ ಇದ್ದಿಲಿನ ಗೀಚುಗಳಾಗಿ ಚದುರುತ್ತವೆ. ಮನಸ್ಸಿನ ಸ್ಥಿತಿ ನೇರವಾಗಿ ಗೆರೆಯ ಸ್ಥಿತಿಯಾಗುತ್ತದೆ. ಕಡೆದ ಶಿಲ್ಪವನ್ನು ಹೀಗೆ ಒಡೆಯುವುದು ಸುಲಭವಲ್ಲ. ಮಿಯಾಜಾಕಿ ೨೦೦೮ರ 'ಪೊನ್ಯೊ'ದಲ್ಲಿ ಕಡಲನ್ನು ಕೈಯಿಂದಲೇ ಬರೆಸಿದರು. ಆ ಅಲೆಗಳಿಗೆ ಮೀನಿನ ಬೆನ್ನಿದೆ, ಕಣ್ಣಿದೆ. ೨೦೧೬ರ 'ಮೊಆನ'ದಲ್ಲಿನ ಗಣಕದ ಕಡಲು ನಿಜವಾದ ನೀರಿನಂತೆ ಬೆಳಕನ್ನು ಒಡೆದು ಹರಿಸುತ್ತದೆ. ಒಂದು ಮಗುವಿನ ಕಡಲು, ಇನ್ನೊಂದು ನಾವಿಕನ ಕಡಲು. ಇದೇ 'ಮೊಆನ'ದಲ್ಲಿ ಮಾವಿಯ ಮೈಮೇಲೆ ಚಲಿಸುವ ಹಚ್ಚೆಗಳನ್ನು ಮಾತ್ರ ಕೈಯಿಂದ ಬರೆದಿದ್ದಾರೆ.

ಗಣಕವೂ ರೇಖೆಯಿಂದ ಕಲಿಯಬಲ್ಲದು ಎಂಬುದಕ್ಕೆ ೨೦೧೮ರ 'ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್' ಪ್ರಮಾಣ. ಒಂದು ಭಂಗಿಯನ್ನು ಎರಡು ಚೌಕಟ್ಟುಗಳಿಗೆ ನಿಲ್ಲಿಸುವ ಹಳೆಯ ಉಳಿತಾಯದ ಕ್ರಮವನ್ನು ಅವರು ಅರ್ಥವಾಗಿ ಪರಿವರ್ತಿಸಿದರು. ಕಾಡಿನ ಮರಗಳ ನಡುವೆ ತೂಗಿ ಸಾಗುವ ದೃಶ್ಯದಲ್ಲಿ ಪಳಗಿದ ಪೀಟರ್ ಪ್ರತಿ ಚೌಕಟ್ಟಿಗೂ ಚಲಿಸುತ್ತಾನೆ. ಕಲಿಯುತ್ತಿರುವ ಮೈಲ್ಸ್ ಎರಡಕ್ಕೊಮ್ಮೆ. ಹುಡುಗನ ತಡವರಿಕೆ ಪ್ರೇಕ್ಷಕನಿಗೆ ಕಾರಣ ತಿಳಿಯದೆಯೇ ಅನುಭವಕ್ಕೆ ಬರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ನಟರ ಚಲನೆಯನ್ನೇ ಗಣಕಕ್ಕೆ ಹಿಡಿದಿಳಿಸಿದ ತಮಿಳಿನ 'ಕೋಚಡೈಯಾನ್' (೨೦೧೪) ಪರಿಚಿತ ನಟನ ಮುಖವನ್ನು ಅನುಕರಿಸಹೋಗಿ ಆ ಮುಖದ ಚೈತನ್ಯವನ್ನು ಕಳೆದುಕೊಂಡಿತು. ಮನುಷ್ಯಮುಖವನ್ನು ಯಥಾವತ್ತಾಗಿ ಮಾಡಹೊರಟಾಗಲೇ ಗಣಕ ಹೆಚ್ಚು ಮುಗ್ಗರಿಸುವುದು.

ಮೊದಲು ಹೇಳಿದ ಎರಡು ಚಿತ್ರಗಳನ್ನು ಈ ಬೆಳಕಿನಲ್ಲಿ ನೋಡಬಹುದು. ನರಸಿಂಹನ ಉಗ್ರತೆಗೆ ಗಾತ್ರ, ಭಾರ, ಕಂಬ ಬಿರಿಯುವ ಆರ್ಭಟ ಬೇಕು. ಅವನ್ನು ಗಣಕ ಧಾರಾಳವಾಗಿ ಒದಗಿಸಬಲ್ಲದು. ಆದರೆ ಪ್ರಹ್ಲಾದನ ಶಾಂತ ಮುಖದಂಥದು ಅದಕ್ಕೆ ಕಠಿಣ ಪರೀಕ್ಷೆ. ಅಲ್ಲಿ ಅಲುಗದಿರುವುದೇ ಅಭಿನಯ. ೧೯೯೨ರ ರಾಮಾಯಣದಲ್ಲಿ ಯುದ್ಧಕ್ಕಿಂತ ಮೌನದ ಚೌಕಟ್ಟುಗಳು ಮೇಲು. ಜಪಾನೀ ಪದ್ಧತಿಯ ಮಿತವಾದ ಚಲನೆ, ವಿಸ್ತಾರವಾದ ಹಿನ್ನೆಲೆಗಳು ಕಥೆಯ ಗಾಂಭೀರ್ಯಕ್ಕೆ ಒಗ್ಗಿಬಂದಿವೆ. ರಾಮಾಯಣಕ್ಕೆ ಕೈಬರಹವೇ ಸಲ್ಲುವುದೆಂದು ಸಾಕೊ ನಂಬಿದ್ದರೆ, ಆ ನಂಬಿಕೆಯನ್ನು ಚಿತ್ರ ಸಮರ್ಥಿಸುತ್ತದೆ.

ಸಾಕೊ ೨೦೧೨ರಲ್ಲಿ ತೀರಿಕೊಂಡರು, ರಾಮ್ ಮೋಹನ್ ೨೦೧೯ರಲ್ಲಿ. ತಮ್ಮ ಚಿತ್ರ ಭಾರತದ ದೊಡ್ಡ ತೆರೆಗಳಿಗೆ ವ್ಯಾಪಕವಾಗಿ ಬಂದುದನ್ನು ಇಬ್ಬರೂ ನೋಡಲಿಲ್ಲ. ಮೂರು ದಶಕಗಳ ಹಿಂದಿನ ಆ ಬರಹಗಳನ್ನು ಇಂದಿನ ತೆರೆಗೆ ತಕ್ಕ ಸ್ಫುಟತೆಗೆ ಪುನರುಜ್ಜೀವಿಸಿದ ಕೆಲಸ ನಡೆದದ್ದು ಗಣಕದಲ್ಲಿ.